ಬಳಸೋಕೋ, ನೋಡೋಕೋ? ಕರಕುಶಲ ವಸ್ತು ಆರಿಸುವ ಮುನ್ನ

ಕಾವೇರಿ ಎಂಪೋರಿಯಂನಂಥ ಅಂಗಡಿಗೆ ಹೋದರೆ ಎರಡು ಜಾತಿಯ ವಸ್ತುಗಳು ಒಂದೇ ಕಪಾಟಿನಲ್ಲಿ ಕೂತಿರುತ್ತವೆ. ಬಿದರಿ ಡಬ್ಬಿಯ ಪಕ್ಕ ಬಿದರಿ ಫಲಕ. ಚನ್ನಪಟ್ಟಣದ ಕುಂಕುಮದ ಭರಣಿಯ ಪಕ್ಕ ಅಲ್ಲಿನದೇ ಗೊಂಬೆ ಜೋಡಿ. ಊರು ಅದೇ, ಕೈಕೆಲಸ ಅದೇ. ಆದರೆ ಒಂದು ಮನೆಯಲ್ಲಿ ದಿನಾ ಕೈಗೆ ಸಿಗುವ ವಸ್ತು, ಇನ್ನೊಂದು ಕಣ್ಣಿಗೆ ಮಾತ್ರ. ಇವೆರಡನ್ನೂ ಒಂದೇ ಕಣ್ಣಲ್ಲಿ ನೋಡಿ ಕೊಂಡರೆ ತೊಂದರೆ ಶುರು. ಬಳಸುವ ವಸ್ತುವನ್ನು ಅಂದ ನೋಡಿ ತರುತ್ತೇವೆ, ಅದು ಕೆಲಸಕ್ಕೆ ಬರುವುದಿಲ್ಲ. ನೋಡುವ ವಸ್ತುವನ್ನು "ಏನಾದರೂ ಉಪಯೋಗ ಆಗುತ್ತೆ ಬಿಡು" ಅಂತ ತರುತ್ತೇವೆ, ಅದು ಹಾಳಾಗುತ್ತದೆ.

ನನ್ನ ಪ್ರಕಾರ ದುಡ್ಡು ದಂಡವಾಗುವುದು ಈ ಎರಡರಲ್ಲೂ ಅಲ್ಲ, ನಡುವಿನದರಲ್ಲಿ. ಬಳಕೆಯ ವಸ್ತುವಿನ ವೇಷ ಹಾಕಿಕೊಂಡು ಬಳಸಲು ಬಾರದ ಸಾಮಾನು ಇರುತ್ತದಲ್ಲ, ಅದರಲ್ಲಿ. ಎಣ್ಣೆ ನಿಲ್ಲದ ದೀಪ, ಕಾಳು ನಿಲ್ಲದ ಅಳಗುಳಿ ಮಣೆ, ಒಲೆಗಿಟ್ಟರೆ ಬಣ್ಣ ಸುಟ್ಟು ನಾರುವ ಚಿತ್ತಾರದ ಮಡಕೆ. ಇವು ಕಲೆಯಾಗಿಯೂ ಗೆಲ್ಲುವುದಿಲ್ಲ, ಸಾಮಾನಾಗಿಯೂ ಗೆಲ್ಲುವುದಿಲ್ಲ.

ಈ ಗಡಿ ಎಲ್ಲಿ ಬೀಳುತ್ತದೆ ಅನ್ನುವ ಜಗಳ ಕೋರ್ಟಿಗೂ ಹೋಗಿದೆ. 1926ರಲ್ಲಿ ಬ್ರಾಂಕೂಸಿ ಎಂಬ ಶಿಲ್ಪಿಯ ಕಂಚಿನ ಹಕ್ಕಿಯೊಂದು ಹಡಗಿನಲ್ಲಿ ಅಮೆರಿಕಕ್ಕೆ ಬಂತು. ಅಲ್ಲಿ ಶಿಲ್ಪಕ್ಕೆ ಸುಂಕ ಇರಲಿಲ್ಲ. ಆದರೆ ಆ ಹಕ್ಕಿಗೆ ರೆಕ್ಕೆಯೂ ಇಲ್ಲ, ಪುಕ್ಕವೂ ಇಲ್ಲ, ನುಣ್ಣಗೆ ಹೊಳೆಯುವ ಉದ್ದನೆಯ ಲೋಹ ಅಷ್ಟೇ. ಕಸ್ಟಮ್ಸ್‌ನವರು ಅದನ್ನು ಅಡುಗೆಮನೆ ಪಾತ್ರೆ ಮತ್ತು ಆಸ್ಪತ್ರೆ ಸಾಮಾನಿನ ಪಟ್ಟಿಗೆ ಸೇರಿಸಿ ಶೇ 40ರಷ್ಟು ಸುಂಕ ಹಾಕಿದರು. 1928ರಲ್ಲಿ ತೀರ್ಪು ಬ್ರಾಂಕೂಸಿಯ ಪರ ಬಂತು. ನಮಗೆ ಅಂಥ ತೀರ್ಪು ಬೇಕಿಲ್ಲ. ಮನೆಗೆ ಬಂದ ಮೇಲೆ ಈ ವಸ್ತುವನ್ನು ಯಾರು ಮುಟ್ಟುತ್ತಾರೆ, ಎಷ್ಟು ಸಲ ಮುಟ್ಟುತ್ತಾರೆ ಅಂತ ಯೋಚಿಸಿದರೆ ಅರ್ಧ ಕೆಲಸ ಮುಗಿಯಿತು.

ಅಂಗಡಿಯಲ್ಲೇ ಪರೀಕ್ಷೆ ಮಾಡಿ

ಬಳಸಲಿಕ್ಕೆ ಅಂತ ಕೊಳ್ಳುತ್ತಿದ್ದೀರಾದರೆ ನಾಚಿಕೆ ಬಿಟ್ಟು ಅಲ್ಲೇ ಬಳಸಿ ನೋಡಿ. ಹಿತ್ತಾಳೆ ದೀಪವಾದರೆ ಒಂದಿಷ್ಟು ನೀರು ಹಾಕಿಸಿ. ಬತ್ತಿ ಕೂರುವ ಮೂಗಿನ ಕಡೆಯಿಂದ ನೀರು ಸೋರಿದರೆ ಎಣ್ಣೆಯೂ ಸೋರುತ್ತದೆ. ದೀಪ ಅಲುಗಾಡದೆ ನಿಲ್ಲಬೇಕು. ಮುಖ್ಯವಾಗಿ, ಅದರ ಹೊಳಪು ತಿಕ್ಕಿ ಬಂದದ್ದೋ ಮೇಲೆ ಹೊಡೆದ ಪಾರದರ್ಶಕ ವಾರ್ನಿಷೋ ಅಂತ ಕೇಳಿ. ವಾರ್ನಿಷ್ ಇದ್ದರೆ ದೀಪ ಹಚ್ಚಿದ ಮೊದಲ ವಾರದಲ್ಲೇ ಬತ್ತಿಯ ಸುತ್ತ ಕಂದು ಕಲೆ ಬೀಳುತ್ತದೆ. ಹುಣಸೆಹಣ್ಣು ಹಾಕಿ ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಅದು ಹಾಲ್‌ನಲ್ಲಿ ಇಡುವ ದೀಪ, ಹಚ್ಚುವ ದೀಪವಲ್ಲ.

ಅಳಗುಳಿ ಮಣೆಗೂ ಇಂಥದ್ದೇ ಪರೀಕ್ಷೆ. ಎರಡು ಸಾಲು, ಸಾಲಿಗೆ ಏಳು, ಒಟ್ಟು 14 ಗುಳಿ. ಆಟ ಮುಂದುವರಿದ ಹಾಗೆ ಒಂದೊಂದು ಗುಳಿಯಲ್ಲಿ ಹತ್ತಾರು ಕಾಳು ಸೇರುತ್ತವೆ. ಆಗ ಮೂರು ಬೆರಳು ಒಳಗೆ ಹೋಗಿ ಅಷ್ಟನ್ನೂ ಒಂದೇ ಸಲಕ್ಕೆ ಬಾಚಿಕೊಳ್ಳಬೇಕು. ಗೋಡೆಗೆ ನೇತುಹಾಕಲು ಮಾಡಿದ ಮಣೆಗಳಲ್ಲಿ ಅಂಚಿನ ಕೆತ್ತನೆ ಭಾರಿ ಇರುತ್ತದೆ, ಗುಳಿ ಮಾತ್ರ ತಟ್ಟೆಯಷ್ಟು ಆಳ. ಕಾಳು ಹಾಕಿದರೆ ಪಕ್ಕದ ಗುಳಿಗೆ ಉರುಳುತ್ತದೆ. ಹಾಗೇ ಇನ್ನೊಂದು ಮಾತು: ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಗುಲಗಂಜಿ ಬೇಡ. ನೋಡಲು ಚೆನ್ನ, ಅಗಿದರೆ ವಿಷ. ಹುಣಸೆ ಬೀಜ ಸಾಕು.

ನೋಡಲಿಕ್ಕೆ ಅಂತ ಕೊಳ್ಳುವ ವಸ್ತುವಿಗೆ ಅಂಗಡಿಯಲ್ಲಿ ಮಾಡುವ ಪರೀಕ್ಷೆ ಕಮ್ಮಿ, ಮನೆಯಲ್ಲಿ ಮಾಡಿಕೊಂಡು ಹೋಗಬೇಕಾದದ್ದು ಜಾಸ್ತಿ. ಯಾವ ಗೋಡೆ? ಬಿಸಿಲು ಎಷ್ಟು ಹೊತ್ತು ಬೀಳುತ್ತದೆ? ಮಳೆಗಾಲದಲ್ಲಿ ಆ ಗೋಡೆ ತೇವ ಹಿಡಿಯುತ್ತದಾ? ಈ ಮೂರಕ್ಕೆ ಉತ್ತರ ಗೊತ್ತಿಲ್ಲದೆ ಚಿತ್ರ ಕೊಳ್ಳಲು ಹೊರಡಬೇಡಿ.

ಬಿದರಿ: ಬಳಸಿ, ಆದರೆ ಒಣದಾಗಿ

ಬಿದರಿಯ ಹಳೇ ವಸ್ತುಗಳನ್ನು ಈಗ ನಾವು ಮ್ಯೂಸಿಯಂ ಗಾಜಿನ ಹಿಂದೆ ನೋಡುತ್ತೇವೆ. ಆದರೆ ಅವೆಲ್ಲ ದಿನಬಳಕೆಗೆ ಮಾಡಿದವೇ. ಹುಕ್ಕಾದ ಬುಡ, ಪಾನ್‌ದಾನ್, ಹೂಜಿ, ಕೈ ತೊಳೆಯುವ ಪಾತ್ರೆ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿರುವ ಬಿದರಿ ಹುಕ್ಕಾ ಬುಡಗಳನ್ನು ಒಂದು ಕಾಲದಲ್ಲಿ ಯಾರೋ ನೆಲದ ಮೇಲಿಟ್ಟು, ನೀರು ತುಂಬಿ, ಹೊಗೆ ಎಳೆದಿರುತ್ತಾರೆ. ಈಗ ಹುಕ್ಕಾ ಹೋಯಿತು, ಎಲೆಅಡಿಕೆ ತಟ್ಟೆಯೂ ಹೋಗುತ್ತಿದೆ. ಹಾಗಾಗಿ ಅದೇ ಕೈಗಳು ಫಲಕ, ಆನೆ, ನವಿಲು ಮಾಡುತ್ತಿವೆ. ಜತೆಗೆ ಪೆನ್ ಸ್ಟ್ಯಾಂಡ್, ಬಳೆ, ಕಿವಿಯೋಲೆಯೂ ಇವೆ.

ಇದರಲ್ಲಿ ಯಾವುದನ್ನು ತರಬೇಕು ಅಂತ ತಿಳಿಯಲು ಅದು ಆಗುವ ಬಗೆ ಗೊತ್ತಿರಬೇಕು. ಬಿದರಿ ಲೋಹದಲ್ಲಿ ಬಹುಪಾಲು ಸತು. ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರ ಅನ್ನುವುದು ಸಾಮಾನ್ಯ ಲೆಕ್ಕ. ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ದು, ಅರದಿಂದ ಉಜ್ಜಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ. ಆ ಕಪ್ಪಿನ ಮೇಲೆ ಚಾಣದಿಂದ ಗೀರಿದ ಬಿಳಿ ಗೆರೆ ಎದ್ದು ಕಾಣುತ್ತದೆ. ಆ ಗೆರೆಯ ಕಾಲುವೆಗೆ ಬೆಳ್ಳಿ ತಂತಿ ಇಟ್ಟು ಸಣ್ಣ ಸುತ್ತಿಗೆಯಿಂದ ತಟ್ಟಿ ಕೂರಿಸುತ್ತಾರೆ. ಮತ್ತೆ ಉಜ್ಜಿದರೆ ಎಲ್ಲವೂ ಬೆಳ್ಳಗಾಗಿ ಬೆಳ್ಳಿ ಯಾವುದು, ಸತು ಯಾವುದು ಅಂತ ಗೊತ್ತೇ ಆಗುವುದಿಲ್ಲ. ಕೊನೆಗೆ ಬೀದರ್ ಕೋಟೆಯ ಮಣ್ಣನ್ನು ನವಸಾಗರದ ಜತೆ ಕಲಸಿ, ಬಿಸಿ ಮಾಡಿದ ವಸ್ತುವಿಗೆ ಉಜ್ಜುತ್ತಾರೆ. ಸತುವಿನ ಭಾಗವೆಲ್ಲ ಕಡುಗಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೇ ಹೊಳೆಯುತ್ತದೆ. ಈ ಕೆಲಸಕ್ಕೆ ಬೀದರ್‌ನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು.

ಅಂದರೆ ಕಪ್ಪು ಇರುವುದು ಮೇಲ್ಮೈಯಲ್ಲಿ ಮಾತ್ರ. ಹುಣಸೆಹಣ್ಣು, ನಿಂಬೆ, ಪಾತ್ರೆ ತಿಕ್ಕುವ ಪುಡಿ ಯಾವುದು ತಾಗಿದರೂ ಅದು ಹೋಗುತ್ತದೆ. ಇನ್ನು ಸತು ಹುಳಿಗೆ ಕರಗುವ ಲೋಹ. ಹಾಗಾಗಿ ಬಿದರಿ ಬಟ್ಟಲಲ್ಲಿ ಉಪ್ಪಿನಕಾಯಿ, ಮೊಸರು, ಕತ್ತರಿಸಿದ ಹಣ್ಣು ಬೇಡವೇ ಬೇಡ. ಒಡವೆ, ಕೀಲಿಕೈ, ಪೆನ್ನು, ವಿಸಿಟಿಂಗ್ ಕಾರ್ಡ್ ಆದರೆ ಧಾರಾಳವಾಗಿ ಇಡಿ. ಹೂದಾನಿಯಲ್ಲಿ ಹೂ ಇಡಲೇಬೇಕಾದರೆ ಒಳಗೆ ಗಾಜಿನ ನಳಿಕೆ ಇಟ್ಟು ಅದಕ್ಕೆ ನೀರು ಹಾಕಿ. ಮಂಕಾದರೆ ಒಂದು ಹನಿ ಕೊಬ್ಬರಿ ಎಣ್ಣೆ, ಮೆತ್ತನೆ ಬಟ್ಟೆ. ಅಷ್ಟೇ.

ಫಲಕವೋ ಡಬ್ಬಿಯೋ ಅಂತ ಕೇಳಿದರೆ ನಾನು ಡಬ್ಬಿ ಅನ್ನುತ್ತೇನೆ. ಬಿದರಿಯ ಸೊಗಸು ಅರ್ಧ ಅದರ ತೂಕದಲ್ಲಿದೆ, ಕೈಗೆ ತಣ್ಣಗೆ ತಾಗುವುದರಲ್ಲಿದೆ. ಗೋಡೆಗೆ ಹಾಕಿದರೆ ಅದು ಸಿಗುವುದಿಲ್ಲ. ತಂತಿ ಕೆಲಸದ ವಸ್ತುವಾದರೆ ಕೊಳ್ಳುವಾಗ ಉಗುರಿನ ತುದಿಯನ್ನು ಬೆಳ್ಳಿ ಗೆರೆಯ ಮೇಲೆ ಅಡ್ಡಡ್ಡ ಎಳೆಯಿರಿ. ಒಳ್ಳೇ ಕೆಲಸದಲ್ಲಿ ಉಗುರು ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ.

ಚನ್ನಪಟ್ಟಣ: ದುಂಡಗಿದ್ದರೆ ಅರಗು, ಚಪ್ಪಟೆಯಾಗಿದ್ದರೆ ಪ್ರಶ್ನೆ ಕೇಳಿ

ಆಲೆ ಮರದ ತುಂಡನ್ನು ಲೇತ್‌ನಲ್ಲಿ ತಿರುಗಿಸಿ, ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಕೇದಗೆ ಜಾತಿಯ ಎಲೆಯಿಂದ ಒತ್ತಿ ಉಜ್ಜಿದರೆ ಆ ಹೊಳಪು. ಇಲ್ಲೊಂದು ಗುಟ್ಟಿದೆ. ಹೀಗೆ ಅರಗು ಹಚ್ಚಲು ವಸ್ತು ತಿರುಗಲೇಬೇಕು. ಹಾಗಾಗಿ ದುಂಡನೆಯ ಭಾಗಗಳಿಗೆ ಮಾತ್ರ ಈ ಮೆರುಗು ಬರುತ್ತದೆ. ಹಲಗೆಯಿಂದ ಕತ್ತರಿಸಿದ ಚಪ್ಪಟೆ ಆನೆ, ಚಪ್ಪಟೆ ಬಸ್ಸಿಗೆ ಬ್ರಷ್‌ನಲ್ಲಿ ಬಣ್ಣ ಬಳಿದಿರುತ್ತಾರೆ. ಅದು ಯಾವ ಬಣ್ಣ ಅಂತ ಕೇಳಿ ತಿಳಿದುಕೊಳ್ಳಿ, ಅದರಲ್ಲೂ ಬಾಯಿಗೆ ಹಾಕುವ ವಯಸ್ಸಿನ ಮಗುವಿಗಾದರೆ.

ಗಿಲಕಿ, ಬುಗುರಿ, ಕುಂಕುಮದ ಭರಣಿ, ಬಳೆ ಇವೆಲ್ಲ ಬಳಸಲಿಕ್ಕೇ ಹುಟ್ಟಿದವು. ಸುಮ್ನೆ ಶೋಕೇಸಿನಲ್ಲಿ ಇಡಬೇಡಿ. ಆದರೆ ಅರಗಿಗೆ ಎರಡು ಶತ್ರುಗಳಿವೆ. ಒಂದು ಬಿಸಿ: ಕುದಿಯುವ ಕಾಫಿಯ ಲೋಟವನ್ನು ಅರಗಿನ ಕೋಸ್ಟರ್ ಮೇಲೆ ಇಟ್ಟರೆ ಉಂಗುರದ ಗುರುತು ಬೀಳಬಹುದು. ಇನ್ನೊಂದು ಸ್ಪಿರಿಟ್: ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ. ಮಗುವಿನ ಆಟಿಕೆಯನ್ನು ಸ್ಯಾನಿಟೈಸರ್ ಹಾಕಿ ಒರೆಸಿದರೆ ಬಣ್ಣ ಬಟ್ಟೆಗೆ ಬರುತ್ತದೆ. ಮಾರಿದವನು ಮೋಸ ಮಾಡಿದ ಅಂತ ಬೈಯುವ ಮೊದಲು ಇದನ್ನು ನೆನಪಿಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ ತಕ್ಷಣ ಒಣಗಿಸಿದರೆ ಸಾಕು.

ಕಸೂತಿಗೆ ಚೌಕಟ್ಟು ಹಾಕಿಸೋದಾ?

ಧಾರವಾಡದ ಕಡೆಯ ಕಸೂತಿಯನ್ನು ಫ್ರೇಮ್ ಹಾಕಿ ಮಾರುವುದು ಈಗ ಸಾಮಾನ್ಯ. ತುಳಸಿ ಕಟ್ಟೆ, ಗೋಪುರ, ತೇರು, ಆನೆ. ಗೋಡೆಯ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಆದರೂ ನನಗೆ ಅಷ್ಟು ಒಪ್ಪಿಗೆಯಿಲ್ಲ. ಯಾಕೆ ಅಂದರೆ ಕಸೂತಿಯ ಜಾಣತನ ಇರುವುದು ಬಟ್ಟೆಯ ಹಿಂಬದಿಯಲ್ಲಿ.

ನಾಲ್ಕು ಹೊಲಿಗೆಗಳಿವೆ: ಗವಂತಿ, ಮುರ್ಗಿ, ನೇಗಿ, ಮೆಂತ್ಯೆ. ಗವಂತಿಯಲ್ಲಿ ಸೂಜಿ ಎಣಿಸಿದಷ್ಟು ಎಳೆ ಬಿಟ್ಟು ಅಷ್ಟೇ ಎಳೆ ಹಿಡಿಯುತ್ತ ಮುಂದೆ ಹೋಗುತ್ತದೆ. ಬರುವಾಗ ಬಿಟ್ಟ ಜಾಗಗಳನ್ನೆಲ್ಲ ತುಂಬಿಕೊಂಡು ವಾಪಸ್ ಬರುತ್ತದೆ. ಗಂಟು ಹಾಕುವಂತಿಲ್ಲ. ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವುದಿಲ್ಲ, ನೂಲಿನ ಎಳೆ ಎಣಿಸಿಕೊಂಡೇ ಹೋಗಬೇಕು. ಎಣಿಕೆ ಒಂದು ತಪ್ಪಿದರೆ ಗೋಪುರ ಕೂಡುವುದೇ ಇಲ್ಲ. ಹೀಗೆ ಹೊಲಿದ ಗವಂತಿ, ಮುರ್ಗಿ ಎರಡೂ ಕಡೆ ಒಂದೇ ಥರ ಕಾಣುತ್ತವೆ. ಇಳಕಲ್ ಸೀರೆಯ ಸೆರಗು ಗಾಳಿಗೆ ಮಗುಚಿದರೂ ಚಿತ್ರ ಹಾಗೇ ಇರುತ್ತದೆ. ಚೌಕಟ್ಟು ಹಾಕಿಸಿದರೆ ಆ ಅರ್ಧ ಕೆಲಸ ಗೋಡೆಗೆ ಮುಖ ಮಾಡಿ ಕೂರುತ್ತದೆ, ಅಲ್ವಾ?

ಹಾಗಾಗಿ ಗವಂತಿ ಕೆಲಸವಾದರೆ ಸೀರೆ, ದುಪಟ್ಟಾ, ಎರಡೂ ಕಡೆ ಕಾಣುವ ಪರದೆ ಹೀಗೆ ಬಳಕೆಯಲ್ಲೇ ತೆಗೆದುಕೊಳ್ಳಿ. ಮೆಂತ್ಯೆಯ ಹಿಂಬದಿ ಅಷ್ಟು ಅಚ್ಚುಕಟ್ಟಾಗಿರುವುದಿಲ್ಲ, ಅದನ್ನು ಫ್ರೇಮ್ ಮಾಡಿಸಿದರೆ ನಷ್ಟವಿಲ್ಲ. ಇನ್ನೊಂದು ಸಂದರ್ಭದಲ್ಲೂ ಫ್ರೇಮ್ ಸರಿ: ಅಜ್ಜಿಯ ಹಳೇ ಚಂದ್ರಕಾಳಿ ಸೀರೆ, ಅಂದರೆ ಕಸೂತಿ ಹಾಕಿದ ಕಪ್ಪು ಸೀರೆ, ಮಡಿಕೆಯಲ್ಲೇ ಹರಿಯುತ್ತಿದ್ದರೆ. ಉಡಲು ಆಗದ್ದನ್ನು ಉಳಿಸಿಕೊಳ್ಳಲು ಅದೇ ದಾರಿ. ಅಂಗಡಿಯಲ್ಲಿ ಮಾತ್ರ, ಫ್ರೇಮ್ ಆಗಿದ್ದರೂ ಸರಿ, ಹಿಂಬದಿ ತೋರಿಸಿ ಅನ್ನಿ. ಹಿಂದೆ ಗಂಟುಗಳ ರಾಶಿಯಿದ್ದರೆ ಕೈಕಸೂತಿಯ ಬೆಲೆ ಕೊಡಬೇಡಿ.

ಕೆಲಸ ಬಿಟ್ಟು ಗೋಡೆ ಹತ್ತಿದವು

ಕೆಲವು ವಸ್ತುಗಳು ಬಳಕೆಯಲ್ಲಿದ್ದು ಈಗ ನೋಟಕ್ಕೆ ಬಂದಿವೆ. ಮೈಸೂರಿನ ಗಂಜೀಫಾ ಎಲೆಗಳು ಆಡುವ ಇಸ್ಪೀಟೆಲೆಗಳೇ. ದಶಾವತಾರ ಗಂಜೀಫಾದಲ್ಲಿ ಅವತಾರಕ್ಕೆ 12ರಂತೆ 120 ದುಂಡನೆ ಎಲೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯಲ್ಲಿ ಇದರ ಹೊಸ ಹೊಸ ಆಟಗಳೇ ಹುಟ್ಟಿದವು. ಇವತ್ತು ಕೈಯಲ್ಲಿ ಚಿತ್ರಿಸಿದ ಎಲೆಯನ್ನು ಯಾರೂ ಕಲಸಿ ಹಂಚುವುದಿಲ್ಲ. ಅದು ಅಂಗೈಯಗಲದ ಚಿತ್ರಕಲೆ, ಹಾಗೇ ಕೊಳ್ಳಿ. ಕಲಾವಿದರಿಂದ ನಾಲ್ಕೈದು ಬಿಡಿ ಎಲೆ ತೆಗೆದುಕೊಂಡರೂ ತಪ್ಪಿಲ್ಲ. ಆಟವೇ ಬೇಕು ಅನ್ನುವವರು ಅಚ್ಚು ಹಾಕಿದ ಸೆಟ್ ಹುಡುಕಲಿ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ಪಗಡೆ, ಚೌಕಾಬಾರದಂಥ ಹಳೇ ಆಟಗಳನ್ನು ಮತ್ತೆ ಆಡುವ ಹಾಗೆ ಮಾಡಲು ಬಹಳ ಕೆಲಸ ಮಾಡಿದೆ.

ತೊಗಲುಗೊಂಬೆಯದು ಬೇರೆ ಕಥೆ. 2025ರಲ್ಲಿ ಪದ್ಮಶ್ರೀ ಪಡೆದ ಕೊಪ್ಪಳ ಜಿಲ್ಲೆಯ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಂಥವರ ಕೈಯಲ್ಲಿ ಅದು ಕುಣಿಯುವ ಪಾತ್ರ. ಅಂಗಡಿಯಲ್ಲಿ ಅದೇ ಒಂದು ಅಲಂಕಾರ. ತೊಗಲನ್ನು ಬೆಳಕು ಹಾಯುವಷ್ಟು ತೆಳ್ಳಗೆ ಹದ ಮಾಡಿ, ತೂತು ಕೊರೆದು, ಬಣ್ಣ ಹಾಕುವುದು ಹಿಂದೆ ದೀಪ ಇರುತ್ತದೆ ಅನ್ನುವ ಭರವಸೆಯ ಮೇಲೆ. ಅದನ್ನು ಬಿಳಿ ಗೋಡೆಗೆ ಅಂಟಿಸಿ ಮೊಳೆ ಹೊಡೆದರೆ ಕೆಂಪು ಕಂದಾಗುತ್ತದೆ, ತೂತುಗಳೆಲ್ಲ ಚುಕ್ಕಿಯಾಗುತ್ತವೆ. ರಾಮನೂ ಒಂದೇ ರಾವಣನೂ ಒಂದೇ. ಎರಡು ಗಾಜಿನ ನಡುವೆ ಹಾಕಿಸಿ ಹಿಂದೆ ಎಲ್‌ಇಡಿ ಇಡಿ, ಇಲ್ಲವೇ ತೊಗಲಿನ ಲ್ಯಾಂಪ್‌ಶೇಡ್ ತನ್ನಿ. ಹಳೇ ಥರದ ಬಲ್ಬ್ ಬೇಡ, ಕಾವಿಗೆ ತೊಗಲು ಸುರುಟುತ್ತದೆ. ಇಲ್ಲಿ ಮಾತ್ರ ನಾನು ಲ್ಯಾಂಪ್‌ಶೇಡಿನ ಪರ. ಆಟದ ಗೊಂಬೆಗೆ ಹತ್ತಿರದ ಬಳಕೆ ಅಂದರೆ ಅದೇ.

ನೋಡಲಿಕ್ಕೇ ಮಾಡಿದ್ದು

ಮೈಸೂರು ಶೈಲಿಯ ಚಿತ್ರದಲ್ಲಿ ಈ ಗೊಂದಲವಿಲ್ಲ, ಅದು ನೋಡಲಿಕ್ಕೇ ಇರುವುದು. ತಂಜಾವೂರಿನದರಂತೆ ಇದರಲ್ಲಿ ಉಬ್ಬು ಜಾಸ್ತಿ ಇರುವುದಿಲ್ಲ, ಗಾಜಿನ ಹರಳೂ ಸಾಮಾನ್ಯವಾಗಿ ಇಲ್ಲ. ಸಣ್ಣ ಗೆರೆಯ ಉಬ್ಬಿನ ಮೇಲೆ ಚಿನ್ನದ ರೇಕು ಕೂತಿರುತ್ತದೆ. ನೇರ ಟ್ಯೂಬ್‌ಲೈಟ್ ಕೆಳಗೆ ಅದು ಸತ್ತ ಹಾಗೆ ಕಾಣುತ್ತದೆ, ಪಕ್ಕದಿಂದ ಮಂದ ಬೆಳಕು ಬಿದ್ದರೆ ಒಡವೆಯ ಒಂದೊಂದು ಮಣಿಯೂ ಎದ್ದು ಬರುತ್ತದೆ. ಅಂಗಡಿಯಲ್ಲಿ ಚಿತ್ರವನ್ನು ಕೈಯಲ್ಲಿ ಹಿಡಿದು ಓರೆ ಮಾಡಿ ನೋಡಿ. ರೇಕು ಅಸಲಿ ಚಿನ್ನವೇ ಅಂತ ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ನಕಲಿ ರೇಕು ವರ್ಷಗಳು ಕಳೆದಂತೆ ಮಂಕಾಗಿ ಕಪ್ಪಾಗುತ್ತದೆ.

ಕರಾವಳಿ, ಮಲೆನಾಡಿನ ಮನೆಯಾದರೆ ಫ್ರೇಮಿನ ಹಿಂದಿನ ನಾಲ್ಕು ಮೂಲೆಗೂ ಕಾರ್ಕ್ ತುಂಡು ಅಂಟಿಸಿ. ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಆಡಬೇಕು, ಇಲ್ಲದಿದ್ದರೆ ಬೂಸ್ಟು. ದೇವರ ಮನೆಗೆ ತರುತ್ತಿದ್ದರೆ ಇನ್ನೊಂದು ಯೋಚನೆ. ಅಲ್ಲಿ ಚಿತ್ರವೂ ಕೆಲಸಕ್ಕೆ ಸೇರುತ್ತದೆ. ದಿನಾ ದೀಪದ ಹೊಗೆ, ಹೂವಿನ ನೀರು, ಹಣೆಗೆ ಕುಂಕುಮ. ಗಾಜು ಹಾಕಿಸದೆ ಇಡಲೇಬೇಡಿ. ತುಂಬಾ ಬೆಲೆಯ ಚಿತ್ರ ಹಾಲ್‌ಗೆ, ಪೂಜೆಗೆ ಒಂದು ಸಾಧಾರಣ ಚಿತ್ರ. ನಾನಾದರೆ ಹಾಗೆ ಹಂಚುತ್ತೇನೆ.

ಬಜೆಟ್ ಸಣ್ಣದಿದ್ದರೆ ಮೊದಲು ಬಳಕೆಯ ವಸ್ತು ತನ್ನಿ. ನವಲಗುಂದದ ಒಂದು ಜಮಖಾನ ತಂದರೆ ಅದರ ಮೇಲೆ ಕೂರುತ್ತೀರಿ, ನೆಂಟರಿಗೆ ಹಾಸುತ್ತೀರಿ, ನೋಡುತ್ತಲೂ ಇರುತ್ತೀರಿ. ನೋಡುವ ವಸ್ತುವಿಗೆ ದುಡ್ಡು ಕೂಡಿಟ್ಟು ಒಂದೇ ಒಂದು ಒಳ್ಳೆಯದನ್ನು ಕೊಳ್ಳಿ. ಸಣ್ಣ ಸಣ್ಣ ಶೋಪೀಸ್ ಹತ್ತು ತಂದರೆ ಧೂಳು ಒರೆಸುವ ಕೆಲಸ ಹೆಚ್ಚುತ್ತದೆ ಅಷ್ಟೇ.

ವಿದೇಶದಲ್ಲಿರುವವರಿಗೆ ಕೊಡುವುದಾದರೆ ತೂಕ, ಒಡೆಯುವ ಭಯದ ಜತೆ ಕಸ್ಟಮ್ಸ್ ಕೂಡ ನೋಡಿ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆ ಮರದ ವಸ್ತು, ತೊಗಲಿನ ವಸ್ತು ಇದ್ದರೆ ಇಳಿದ ಕೂಡಲೇ ಹೇಳಲೇಬೇಕು. ಮೈಸೂರಿನ ಕುಸುರಿ ಕೆಲಸಕ್ಕೆ ಬಳಸುವ ಬೀಟೆ ಮರ ಸೈಟಿಸ್ ಒಪ್ಪಂದದ, ಅಂದರೆ ಅಪಾಯದಲ್ಲಿರುವ ಗಿಡ, ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಮಿತಿ ಹಾಕುವ ಒಪ್ಪಂದದ, ಪಟ್ಟಿಯಲ್ಲಿದೆ. ಸಣ್ಣ ಫಲಕವಾದರೂ ಬಿಲ್ ಇಟ್ಟುಕೊಳ್ಳಿ, ಟೇಬಲ್, ಬಾಗಿಲಿನಂಥ ದೊಡ್ಡದಾದರೆ ಮಾರುವವರನ್ನೇ ರಫ್ತಿನ ಕಾಗದ ಕೇಳಿ. ಹಳೇ ಕುಸುರಿ ವಸ್ತುಗಳಲ್ಲಿ ಆನೆದಂತ ಇರಬಹುದು, ಅದನ್ನು ಕೊಳ್ಳುವುದೂ ಬೇಡ, ಸಾಗಿಸುವುದೂ ಬೇಡ. ಇವರಿಗೆಲ್ಲ ಇಳಕಲ್ ಸೀರೆ ಅಥವಾ ಬಿದರಿ ಡಬ್ಬಿ ಸುಲಭ.

ನೀವೇ ಮಾಡಿ ಮಾರುವವರಾದರೆ

ಈ ವ್ಯತ್ಯಾಸ ನಿಮಗೆ ಕಾನೂನಿನಲ್ಲೂ ತಟ್ಟುತ್ತದೆ, ಮತ್ತು ತಿಳಿದವರು ಕಮ್ಮಿ. ಚಿತ್ರ, ಶಿಲ್ಪಕ್ಕೆ 1957ರ ಕೃತಿಸ್ವಾಮ್ಯ ಕಾಯ್ದೆಯ ರಕ್ಷಣೆ ತಾನಾಗಿಯೇ ಸಿಗುತ್ತದೆ. ಆದರೆ ನಿಮ್ಮ ವಿನ್ಯಾಸ ಬಟ್ಟಲು, ದೀಪ, ಬ್ಯಾಗಿನಂಥ ಬಳಕೆಯ ವಸ್ತುವಿನ ಮೇಲೆ ಬಂದರೆ ಲೆಕ್ಕ ಬದಲಾಗುತ್ತದೆ. 2000ದ ವಿನ್ಯಾಸ ಕಾಯ್ದೆಯಡಿ ನೋಂದಾಯಿಸಬಹುದಾದ ವಿನ್ಯಾಸವನ್ನು ನೋಂದಾಯಿಸದೆ, ಅದಿರುವ ವಸ್ತುವನ್ನು ಕೈಗಾರಿಕಾ ವಿಧಾನದಲ್ಲಿ 50ಕ್ಕಿಂತ ಹೆಚ್ಚು ಮಾಡಿದರೆ ಆ ವಿನ್ಯಾಸದ ಮೇಲಿನ ಕೃತಿಸ್ವಾಮ್ಯ ಹೋಗುತ್ತದೆ. ನೋಂದಾಯಿಸಿದರೆ 10 ವರ್ಷದ ಹಕ್ಕು, ಮತ್ತೆ 5 ವರ್ಷ ವಿಸ್ತರಿಸಬಹುದು. ಒಂದೊಂದೇ ಮಾಡಿ ಮಾರುವವರಿಗೆ ಇದರ ತಲೆಬಿಸಿ ಕಮ್ಮಿ. ಒಂದೇ ಡಿಸೈನಿನ ನೂರಾರು ಲ್ಯಾಂಪ್‌ಶೇಡ್ ಮಾಡಿಸುವ ಯೋಚನೆ ಇದ್ದರೆ ಮೊದಲು ಅರ್ಜಿ ಹಾಕಿ, ಆಮೇಲೆ ಇನ್‌ಸ್ಟಾಗ್ರಾಂನಲ್ಲಿ ಫೋಟೊ ಹಾಕಿ. ಜನರ ಕಣ್ಣಿಗೆ ಬಿದ್ದ ಮೇಲೆ ಅದು ಹೊಸ ವಿನ್ಯಾಸ ಅನ್ನಿಸಿಕೊಳ್ಳುವುದಿಲ್ಲ.